ಎಡ, ಬಲ, ನಿಲ್ಲು: ಕೆಲಸದ ಪ್ರಾಣಿಗೆ ಹೇಳುವ ಮಾತು ಹೇಗಿರಬೇಕು?

ಎಳೆಹೋರಿ

ಎಲ್ಲರಿಗೂ ನಮಸ್ಕಾರ. ಒಂದು ಜೋಡಿ ಎಳೆಯ ಹೋರಿಗಳನ್ನು ನೊಗಕ್ಕೆ ಪಳಗಿಸುವ ಕೆಲಸ ನಡೆದಿದೆ. ಅದರ ಜೊತೆಗೆ, ಕುರಿಮಂದೆಯನ್ನು ಒಟ್ಟುಗೂಡಿಸಿ ತರುವುದಕ್ಕೆಂದು ಒಂದು ಮರಿನಾಯಿಯನ್ನೂ ತಂದಿದ್ದೇವೆ. ಪ್ರಾಣಿಗಳು ಮೂರು, ಅವುಗಳಿಗೆ ಮಾತು ಹೇಳುವವರೂ ಮೂವರು; ತೊಡಕು ಇರುವುದು ಅಲ್ಲಿಯೇ. ನಿಲ್ಲಿಸಬೇಕಾದಾಗ ಒಬ್ಬರು 'ನಿಲ್ಲು' ಎನ್ನುತ್ತಾರೆ, ಇನ್ನೊಬ್ಬರು 'ಹೋ' ಎಂದು ರಾಗ ಎಳೆಯುತ್ತಾರೆ, ಮತ್ತೊಬ್ಬರು ಬಾಯಿ ತೆರೆಯದೆ ಹಗ್ಗ ಜಗ್ಗುತ್ತಾರೆ. ಹೊರಡಿಸುವಾಗ ಒಮ್ಮೆ 'ನಡಿ', ಇನ್ನೊಮ್ಮೆ 'ಹೋಗು'.

ಇವನ್ನೆಲ್ಲ ಈಗಲೇ ಒಂದು ನೆಲೆಗೆ ತರದಿದ್ದರೆ ಮುಂದೆ ತಿದ್ದುವುದು ಕಷ್ಟವೆಂದು ತೋರುತ್ತದೆ. ಆದ್ದರಿಂದ ಬಲ್ಲವರನ್ನು ಕೇಳುತ್ತಿದ್ದೇನೆ. ಪ್ರಾಣಿ ಹಿಡಿದುಕೊಳ್ಳುವುದು ಪದವನ್ನೋ, ಅದನ್ನು ಹೇಳುವ ಧಾಟಿಯನ್ನೋ? ಆಜ್ಞೆ ಆಡುಮಾತಿನ ಪದವೇ ಆಗಿರಬೇಕೇ, ಅಥವಾ ಅರ್ಥವಿಲ್ಲದ ಒಂದು ಸದ್ದಾದರೂ ಸಾಕೇ? ಎಡ, ಬಲ ಎನ್ನುವಾಗ ಅದು ಯಾರ ಎಡ, ಯಾರ ಬಲ?

ಕುರಿಹಿಂಡು

ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಪದ ಯಾವುದಾದರೂ ನಡೆದೀತು, ಆದರೆ ದಿಕ್ಕಿನ ಲೆಕ್ಕ ತಪ್ಪಿದರೆ ಉಳಿದದ್ದೆಲ್ಲವೂ ತಪ್ಪುತ್ತದೆ.

ಬಂಡಿಯ ಮೇಲೆ ಕುಳಿತವನ ಮುಖವೂ ಎತ್ತುಗಳ ಮುಖವೂ ಒಂದೇ ಕಡೆಗೆ ಇರುತ್ತವೆ, ಆದ್ದರಿಂದ ಅವನ ಬಲವೇ ಅವುಗಳ ಬಲ. ನೇಗಿಲು ಹಿಡಿದವನಿಗೂ, ಹಿಮದ ಮೇಲೆ ಜಾರುಬಂಡಿ ನಡೆಸುವವನಿಗೂ ಇದೇ ಅನುಕೂಲವಿದೆ. ಇಂಗ್ಲಿಷ್ ಆಡುವ ಬಂಡಿಕಾರರು ಬಲಕ್ಕೆ 'ಜೀ', ಎಡಕ್ಕೆ 'ಹಾ' ಎನ್ನುತ್ತಾರೆ. ಫ್ರಾನ್ಸಿನ ಹಳೆಯ ಬಂಡಿಕಾರರಲ್ಲಿ ಬಲಕ್ಕೆ 'ಹ್ಯೂ', ಎಡಕ್ಕೆ 'ದಿಯಾ' ಇತ್ತು. ಈ ಎರಡೂ ಜೋಡಿಗಳು ಆಯಾ ಭಾಷೆಯಲ್ಲಿ ಮನುಷ್ಯರು ಪರಸ್ಪರ ದಾರಿ ಹೇಳುವಾಗ ಬಳಸುವ ಪದಗಳಲ್ಲ ಎಂಬುದನ್ನು ಗಮನಿಸಬೇಕು. ಪ್ರಾಣಿಗೆಂದೇ ಮೀಸಲಾದ ಪದವಿದ್ದಾಗ, ಅದರ ಪಕ್ಕದಲ್ಲಿ ನಿಂತು ನಾವು ಬೇರೆಯವರೊಡನೆ ಏನೇ ಮಾತನಾಡಿದರೂ ಅದು ಆಜ್ಞೆಯೆಂದು ಅದಕ್ಕೆ ಕೇಳಿಸುವುದಿಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಕುರಿನಾಯಿಯ ವಿಷಯ ಬೇರೆ. ನಾಯಿ ಒಮ್ಮೆ ನಿಮ್ಮ ಪಕ್ಕದಲ್ಲಿರುತ್ತದೆ, ಮರುಗಳಿಗೆಯಲ್ಲಿ ಮಂದೆಯ ಆಚೆಗೆ ಹೋಗಿ ನಿಮಗೆ ಎದುರಾಗಿ ನಿಲ್ಲುತ್ತದೆ. ಆಗ ನಿಮ್ಮ ಬಲ ಅದರ ಎಡವಾಗುತ್ತದೆ. ಬ್ರಿಟನ್ನಿನ ಕುರುಬರು ಇದಕ್ಕೆ ಕಂಡುಕೊಂಡ ಪರಿಹಾರ ನನ್ನ ಮಟ್ಟಿಗೆ ಈ ಇಡೀ ವಿದ್ಯೆಯಲ್ಲೇ ಅತ್ಯಂತ ಜಾಣತನದ್ದು: ಅವರು ಎಡ-ಬಲವನ್ನೇ ಬಿಟ್ಟು, ಮಂದೆಯನ್ನು ನಡುವಿನ ಬಿಂದುವಾಗಿ ಇಟ್ಟುಕೊಂಡರು. 'ಕಮ್ ಬೈ' ಎಂದರೆ ಮಂದೆಯ ಸುತ್ತ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ, 'ಅವೇ ಟು ಮಿ' ಎಂದರೆ ಅದಕ್ಕೆ ವಿರುದ್ಧ ದಿಕ್ಕಿಗೆ. ನಾಯಿಯ ಕಡೆಯಿಂದ ನೋಡಿದರೆ ಇದು ಇನ್ನೂ ಸರಳ. ಮೊದಲನೆಯ ಆಜ್ಞೆಯಲ್ಲಿ ಕುರಿಗಳು ಯಾವಾಗಲೂ ಅದರ ಬಲಮಗ್ಗುಲಿಗೆ ಇರುತ್ತವೆ, ಎರಡನೆಯದರಲ್ಲಿ ಎಡಮಗ್ಗುಲಿಗೆ. ಕುರುಬ ಎಲ್ಲಿ ನಿಂತಿದ್ದಾನೆ ಎಂಬ ಪ್ರಶ್ನೆಯೇ ಅದಕ್ಕೆ ಏಳುವುದಿಲ್ಲ. ಕಲಿಸುವವನು ಮಾತ್ರ ತನ್ನ ಎಡ-ಬಲವನ್ನು ಮರೆಯಬೇಕು, ಮತ್ತು ನಾಯಿ ಕಲಿಯುವುದಕ್ಕಿಂತ ಅದಕ್ಕೇ ಹೆಚ್ಚು ಕಾಲ ಹಿಡಿಯುತ್ತದೆ.

ಇವಲ್ಲದೆ ಮಲಗಿಸುವುದಕ್ಕೆ, ಮಂದೆಯ ಕಡೆಗೆ ನೇರವಾಗಿ ನಡೆಸುವುದಕ್ಕೆ, ವೇಗ ತಗ್ಗಿಸುವುದಕ್ಕೆ, ಹಿಂದುಳಿದ ಕುರಿಗಳಿಗಾಗಿ ಮರಳಿ ಕಳುಹಿಸುವುದಕ್ಕೆ ಮತ್ತು ಕೆಲಸ ಮುಗಿಯಿತೆಂದು ಹಿಂದಕ್ಕೆ ಕರೆಯುವುದಕ್ಕೆ ಒಂದೊಂದು ಆಜ್ಞೆ. ಅಷ್ಟರಲ್ಲಿ ಬಹುತೇಕ ಎಲ್ಲ ಕೆಲಸವೂ ಮುಗಿಯುತ್ತದೆ. ವೇಲ್ಸ್‌ನ ಬಾಲಾ ಎಂಬಲ್ಲಿ 1873ರಲ್ಲಿ ಕುರಿನಾಯಿಗಳ ಸ್ಪರ್ಧೆ ಏರ್ಪಟ್ಟಿತು. ಇಂದಿನ ಸ್ಪರ್ಧೆಗಳಲ್ಲಿಯೂ ಕುರುಬನ ಕೈಯಲ್ಲಿರುವುದು ಇದೇ ಬೆರಳೆಣಿಕೆಯ ಆಜ್ಞೆಗಳು. ದೂರದಲ್ಲಿ ಮಾತಿನ ಬದಲು ಸಿಳ್ಳೆ ಬರುತ್ತದೆ, ಏಕೆಂದರೆ ಗಾಳಿಯಲ್ಲಿ ಪದದ ವ್ಯಂಜನಗಳು ಅಳಿಸಿಹೋದರೂ ಸಿಳ್ಳೆಯ ಏರಿಳಿತ ಉಳಿಯುತ್ತದೆ.

ಮಿಣಿಹಗ್ಗ

ಹಿಂದಿನವರ ಮಾತಿಗೆ ಎತ್ತುಗಳ ಮಟ್ಟಿಗೆ ಒಂದು ತಿದ್ದುಪಡಿ ಬೇಕು. ನಡೆಸುವವನು ಯಾವಾಗಲೂ ಹಿಂದೆಯೇ ಇರುವುದಿಲ್ಲ. ಉತ್ತರ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದ ರೂಢಿಯಲ್ಲಿ ಅವನು ಜೋಡಿಯ ಎಡಗಡೆ, ಎತ್ತಿನ ಹೆಗಲಿಗೆ ಸಮವಾಗಿ ನಡೆಯುತ್ತಾನೆ. ಹೀಗಾಗಿ ಎಡಗಡೆಯದು ಹತ್ತಿರದ ಎತ್ತು, ಬಲಗಡೆಯದು ದೂರದ ಎತ್ತು. ಎಡಕ್ಕೆ ತಿರುಗುವುದೆಂದರೆ ಅವನ ಕಡೆಗೆ ಬರುವುದು, ಬಲಕ್ಕೆ ತಿರುಗುವುದೆಂದರೆ ಅವನಿಂದ ದೂರ ಸರಿಯುವುದು. ಎತ್ತು ಕಲಿತಿರುವುದು ಪದವನ್ನೋ ಅಥವಾ ಅವನ ಮೈ ವಾಲುವುದನ್ನೋ ಎಂದು ತಿಳಿಯಬೇಕಾದರೆ ಅವನು ಬಲಗಡೆಗೆ ಹೋಗಿ ಅದೇ ಪದಗಳನ್ನು ಹೇಳಿ ನೋಡಬೇಕು. ನಿಮ್ಮ ಹೋರಿಗಳಿಗೆ ಈ ಪರೀಕ್ಷೆಯನ್ನು ಬೇಗ ಮಾಡಿರಿ. ಮೂವರೂ ಒಂದೇ ಜಾಗದಲ್ಲಿ ನಿಂತು ನಡೆಸುತ್ತೀರಾ ಎಂಬುದು, ಒಂದೇ ಪದ ಬಳಸುತ್ತೀರಾ ಎಂಬುದರಷ್ಟೇ ಮುಖ್ಯ.

ಜೋಡಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಲಕ್ಕೆ ತಿರುಗುವಾಗ ಎಡಗಡೆಯ ಎತ್ತು ಹೆಚ್ಚು ದೂರ ನಡೆಯಬೇಕು, ಬಲಗಡೆಯದು ನಿಂತಲ್ಲೇ ಹೆಜ್ಜೆ ಹಾಕುತ್ತ ಹೊರಳಬೇಕು. ಅಂದರೆ ಒಂದೇ ಆಜ್ಞೆಗೆ ಎರಡು ಪ್ರಾಣಿಗಳು ಎರಡು ಬೇರೆ ಕೆಲಸ ಮಾಡಬೇಕು. ಇದಕ್ಕಾಗಿಯೇ ಹಳಬರು ಹೋರಿಗಳ ಎಡ-ಬಲವನ್ನು ಅದಲು ಬದಲು ಮಾಡುವುದಿಲ್ಲ, ಮತ್ತು ಇದಕ್ಕಾಗಿಯೇ ಹೆಸರು ಬೇಕು. ಹಿಂದೆ ಬಿದ್ದ ಎತ್ತನ್ನು ಮುಂದಕ್ಕೆ ತರುವಾಗ 'ನಡಿ' ಎಂದರೆ ಎರಡೂ ಮುನ್ನುಗ್ಗುತ್ತವೆ. ಹೆಸರು ಹಿಡಿದರೆ ಅದೊಂದೇ ಹೆಗಲು ಕೊಡುತ್ತದೆ. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಎಡಗಡೆಯ ಎತ್ತಿಗೆ ಒಂದೇ ಉಸಿರಿನ ಗಿಡ್ಡ ಹೆಸರು, ಬಲಗಡೆಯದಕ್ಕೆ ಅದಕ್ಕಿಂತ ಉದ್ದನೆಯ ಹೆಸರು ಇಡುವ ಪದ್ಧತಿಯಿತ್ತು: 'ಕ್ವಿಕ್' ಮತ್ತು 'ನಿಂಬಲ್' ಎಂಬಂತೆ. ತನ್ನ ಹೆಸರು ಯಾವುದು, ಜೊತೆಗಾರನದು ಯಾವುದು ಎಂದು ಎತ್ತಿಗೆ ಗೊಂದಲವೇ ಆಗದಂತೆ ಉದ್ದದಲ್ಲಿಯೇ ವ್ಯತ್ಯಾಸ. ನಿಮ್ಮ ಹೋರಿಗಳಿಗೆ ರಾಮ, ಭೀಮ ಎಂದು ಇಟ್ಟಿದ್ದರೆ, ಎರಡೂ 'ಮ'ದಲ್ಲಿ ಮುಗಿಯುವ ಒಂದೇ ಅಳತೆಯ ಹೆಸರುಗಳು. ಬದಲಿಸುವುದು ಒಳಿತು.

ಸಂದೇಹಿ

ಇಬ್ಬರೂ ಪ್ರಾಣಿಗೆ ಪದದ ತಿಳಿವೇ ಇಲ್ಲ ಎಂಬ ಧಾಟಿಯಲ್ಲಿ ಮಾತನಾಡುತ್ತಿದ್ದೀರಿ. ಜರ್ಮನಿಯಲ್ಲಿ ರೀಕೋ ಎಂಬ ಬಾರ್ಡರ್ ಕೋಲಿ ನಾಯಿ 200ಕ್ಕೂ ಹೆಚ್ಚು ವಸ್ತುಗಳ ಹೆಸರು ಬಲ್ಲದೆಂದು 2004ರಲ್ಲಿ ವರದಿಯಾಯಿತು. ಅಮೆರಿಕದ ಚೇಸರ್ ಎಂಬ ಅದೇ ತಳಿಯ ನಾಯಿ 1,022 ಆಟಿಕೆಗಳನ್ನು ಹೆಸರಿನಿಂದಲೇ ಗುರುತಿಸುತ್ತಿತ್ತು ಎಂದು 2011ರ ಪ್ರಬಂಧ ಹೇಳುತ್ತದೆ. ಅಷ್ಟೇ ಅಲ್ಲ, 'ಬಾಯಲ್ಲಿ ಹಿಡಿ', 'ಪಂಜದಿಂದ ಮುಟ್ಟು', 'ಮೂತಿಯಿಂದ ಮುಟ್ಟು' ಎಂಬ ಮೂರು ಆಜ್ಞೆಗಳನ್ನು ಯಾವ ಆಟಿಕೆಯ ಹೆಸರಿನೊಂದಿಗೆ ಸೇರಿಸಿದರೂ ಅದು ಎರಡನ್ನೂ ಬಿಡಿಸಿಕೊಂಡು ಸರಿಯಾದ ಕೆಲಸವನ್ನೇ ಮಾಡುತ್ತಿತ್ತು. ಇದು ಧಾಟಿಯಿಂದ ಮಾತ್ರ ಸಾಧ್ಯವೇ?

ನಾದಮೂಲ

ಸಾಧ್ಯವಿಲ್ಲ. ಆದರೆ ಆಟಿಕೆಯ ಹೆಸರು ಬಲ್ಲ ನಾಯಿಗೂ ಧಾಟಿ ಮುಖ್ಯವೇ, ಏಕೆಂದರೆ ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ. ಏನು ಮಾಡಬೇಕು ಎಂಬುದನ್ನು ಪದ ಹೇಳುತ್ತದೆ. ಮೈಯನ್ನು ಚುರುಕುಗೊಳಿಸಬೇಕೇ, ತಣ್ಣಗಾಗಿಸಬೇಕೇ ಎಂಬುದನ್ನು ಧಾಟಿ ಹೇಳುತ್ತದೆ.

ಅಮೆರಿಕದ ಪ್ರಾಣಿವರ್ತನೆಯ ವಿದ್ವಾಂಸೆ ಪ್ಯಾಟ್ರಿಶಿಯಾ ಮೆಕಾನೆಲ್ ಅವರು ಬೇರೆ ಬೇರೆ ಭಾಷೆಗಳನ್ನಾಡುವ, ನಾಯಿ ಮತ್ತು ಕುದುರೆಗಳನ್ನು ನಡೆಸುವ ಜನರ ಆಜ್ಞೆಗಳನ್ನು ಧ್ವನಿಮುದ್ರಿಸಿ ಹೋಲಿಸಿದರು. ಭಾಷೆ ಯಾವುದಾದರೂ, ಪ್ರಾಣಿಯನ್ನು ಹೊರಡಿಸಲು ಅಥವಾ ವೇಗಗೊಳಿಸಲು ಬಳಸುವ ಸದ್ದುಗಳು ಗಿಡ್ಡವಾಗಿ, ಬೇಗಬೇಗನೆ ಮರುಕಳಿಸುವಂತೆ ಇದ್ದವು: ನಾಲಿಗೆ ಲೊಚಗುಟ್ಟುವುದು, ತುಟಿಯಿಂದ ಮುತ್ತಿಕ್ಕುವಂಥ ಸದ್ದು, ಚಪ್ಪಾಳೆ, ಒಂದೇ ಪದವನ್ನು ಮೂರು ನಾಲ್ಕು ಸಲ ಹೇಳುವುದು. ನಿಧಾನಗೊಳಿಸಲು ಬಳಸುವವು ಒಂದೇ ಉದ್ದನೆಯ, ಎಳೆದ ಸದ್ದುಗಳು. ಇದು ಕೇವಲ ಮನುಷ್ಯರ ಅಭ್ಯಾಸವೋ ಎಂದು ಪರೀಕ್ಷಿಸಲು ಅವರು ನಾಯಿಮರಿಗಳಿಗೆ ಎರಡು ಬಗೆಯ ಸದ್ದುಗಳಿಂದ 'ಬಾ' ಎಂಬುದನ್ನು ಕಲಿಸಿದರು. ಏರುಶ್ರುತಿಯ ನಾಲ್ಕು ಗಿಡ್ಡ ಸದ್ದುಗಳು, ಇಳಿಶ್ರುತಿಯ ಒಂದು ಉದ್ದನೆಯ ಸದ್ದಿಗಿಂತ ಹೆಚ್ಚು ಫಲ ಕೊಟ್ಟವು ಎಂಬುದು 1990ರಲ್ಲಿ ಪ್ರಕಟವಾದ ಫಲಿತಾಂಶ.

ಹೀಗಿರುವಾಗ ಎಳೆಹೋರಿ ಅವರ ಮನೆಯ 'ಹೋ' ನಿಜಕ್ಕೂ ಒಳ್ಳೆಯ ಆಜ್ಞೆ. ಅದು ದೀರ್ಘಸ್ವರ, ಎಳೆಯಲು ಬರುತ್ತದೆ, ಶ್ರುತಿ ತಾನಾಗಿ ಇಳಿಯುತ್ತದೆ. 'ನಿಲ್ಲು' ಎಂಬುದು ಎರಡು ಗಿಡ್ಡ ತುಂಡುಗಳ ಪದ. ಗಾಬರಿಯಲ್ಲಿ 'ನಿಲ್ಲು ನಿಲ್ಲು ನಿಲ್ಲು' ಎಂದು ಮೂರು ಸಲ ಹೇಳಿದರೆ, ನಿಲ್ಲಿಸುವ ಪದವನ್ನು ಓಡಿಸುವ ಧಾಟಿಯಲ್ಲಿ ಹೇಳಿದಂತಾಗುತ್ತದೆ. ಆದರೆ 'ಹೋ' ಇರಿಸಿಕೊಂಡರೆ 'ಹೋಗು' ಎಂಬುದನ್ನು ಪೂರ್ತಿ ಕೈಬಿಡಬೇಕು, ಏಕೆಂದರೆ ಎರಡರ ಆರಂಭವೂ ಒಂದೇ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇದು ಒಲವು ಮಾತ್ರ, ನಿಯಮವಲ್ಲ. ತುಟಿಗಳನ್ನು ಅದುರಿಸುವ 'ಬ್ರ್‌ರ್' ಸದ್ದು ಜರ್ಮನ್ ಬಂಡಿಕಾರರ ಕುದುರೆಗಳನ್ನು ನಿಲ್ಲಿಸುತ್ತದೆ. ಮೊಜಾಂಬಿಕ್‌ನ ನಿಯಾಸಾ ಪ್ರದೇಶದ ಯಾವೊ ಜನರು ಜೇನು ಹುಡುಕುವಾಗ ಸರಿಸುಮಾರು ಅದೇ ಸದ್ದಿಗೆ ಒಂದು ಹೂಂಕಾರ ಸೇರಿಸಿ, ಜೇನುಗೂಡಿನ ದಾರಿ ತೋರಿಸುವ ಕಾಡುಹಕ್ಕಿಯನ್ನು ಕರೆಯುತ್ತಾರೆ. ಆ ಕರೆಯಿಂದ ಹಕ್ಕಿ ದಾರಿ ತೋರಿಸುವ ಸಾಧ್ಯತೆ ಶೇ. 33ರಿಂದ ಶೇ. 66ಕ್ಕೆ ಏರಿತೆಂದು 2016ರ ಅಧ್ಯಯನ ತೋರಿಸಿತು. ಟಾಂಜಾನಿಯಾದ ಹಾಡ್ಜಾ ಜನರು ಅದೇ ಜಾತಿಯ ಹಕ್ಕಿಯನ್ನು ಸಿಳ್ಳೆಯಿಂದ ಕರೆಯುತ್ತಾರೆ, ಮತ್ತು ಪ್ರತಿಯೊಂದು ಪ್ರದೇಶದ ಹಕ್ಕಿಯೂ ತನ್ನ ಪ್ರದೇಶದ ಕರೆಗೇ ಹೆಚ್ಚು ಓಗೊಡುತ್ತದೆ. ಯಾರೂ ಪಳಗಿಸದ ಕಾಡುಹಕ್ಕಿಯ ವಿಷಯದಲ್ಲೇ ಹೀಗಿದ್ದರೆ, ಪಳಗಿದ ಎತ್ತಿಗೆ ಕಲಿಕೆಯ ಪಾಲು ಎಷ್ಟಿರಬೇಕು!

ಲಗಾಮು

ಕುದುರೆಗಳ ಕಡೆಯಿಂದ ಎರಡು ಮಾತು. ರಷ್ಯನ್ನರು ಕುದುರೆಯನ್ನು ಹೊರಡಿಸಲು 'ನೋ' ಎನ್ನುತ್ತಾರೆ, ನಿಲ್ಲಿಸಲು ತುಟಿ ಅದುರಿಸಿ 'ತ್ಪ್ರೂ' ಎನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ಹೊರಡಲು 'ಅರ್‍ರೆ', ನಿಲ್ಲಲು 'ಸೋ'. ಇಂಗ್ಲಿಷ್ ಕುದುರೆಗೆ 'ವೋ' ಎಂದರೆ ನಿಲ್ಲುವುದು. ನಿಲ್ಲಿಸುವ ಸದ್ದುಗಳಲ್ಲಿ ಎಳೆಯಬಹುದಾದ ಸ್ವರ ಎಷ್ಟು ಸಲ ಬರುತ್ತದೆ ನೋಡಿ. ನಾದಮೂಲ ಅವರ ಮಾತು ಸರಿಯಿದೆ ಎಂದು ನನಗನಿಸುತ್ತದೆ.

ಆದರೆ ಪದದ ಆಯ್ಕೆಗಿಂತ ನೂರು ಪಾಲು ದೊಡ್ಡದು ಕ್ರಮ. ಮೊದಲು ಮಾತು, ಅರೆಕ್ಷಣ ಬಿಟ್ಟು ಲಗಾಮಿನ ಒತ್ತಡ, ಕುದುರೆ ನಿಂತೊಡನೆ ಒತ್ತಡದ ಬಿಡುಗಡೆ. ಈ ಕ್ರಮದಲ್ಲಿ ನಡೆದರೆ ಮಾತು ಮುಂಬರುವ ಒತ್ತಡದ ಮುನ್ಸೂಚನೆಯಾಗುತ್ತದೆ, ಮತ್ತು ಕೆಲವೇ ದಿನಗಳಲ್ಲಿ ಪ್ರಾಣಿ ಒತ್ತಡಕ್ಕೆ ಕಾಯದೆ ಮಾತಿಗೇ ನಿಲ್ಲುತ್ತದೆ. ಮಾತು ಮತ್ತು ಜಗ್ಗುವಿಕೆ ಒಂದೇ ಹೊತ್ತಿಗೆ ಬಂದರೆ, ಹೆಚ್ಚು ಬಲವಾದದ್ದರ ಕಡೆಗೆ ಅದರ ಗಮನ ಹೋಗುತ್ತದೆ. ಬಾಯಿಗೆ ಕಬ್ಬಿಣ ತಾಗುತ್ತಿರುವಾಗ ಕಿವಿಗೆ ಬಿದ್ದ ಸದ್ದನ್ನು ಯಾವ ಕುದುರೆಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೊದಲು ಜಗ್ಗಿ ಆಮೇಲೆ ಮಾತು ಹೇಳಿದರಂತೂ ಆ ಮಾತು ಅದಕ್ಕೆ ಹೊಸದೇನನ್ನೂ ತಿಳಿಸುವುದಿಲ್ಲ. 'ವರ್ಷಗಟ್ಟಲೆ ಹೇಳಿದರೂ ಕಲಿಯಲಿಲ್ಲ' ಎಂಬ ದೂರುಗಳ ಹಿಂದೆ ನಾನು ಕಂಡಿರುವುದು ಹೆಚ್ಚಾಗಿ ಇದೇ. ಮೂಗುದಾರಕ್ಕೂ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ.

ಸವಾರಿಯಲ್ಲಿ ಮಾತಿನ ಅಗತ್ಯ ಕಡಿಮೆ, ಏಕೆಂದರೆ ಕಾಲು ಮತ್ತು ಆಸನವೇ ಮಾತನಾಡುತ್ತವೆ. ಕುದುರೆಯ ನಡಿಗೆ ಮತ್ತು ಹಿಡಿತವನ್ನು ಅಳೆಯುವ ಅಂತರರಾಷ್ಟ್ರೀಯ ಡ್ರೆಸಾಜ್ ಸ್ಪರ್ಧೆಯಲ್ಲಿ ಸವಾರನು ಬಾಯಿಮಾತು ಬಳಸಿದರೂ, ನಾಲಿಗೆ ಲೊಚಗುಟ್ಟಿದರೂ ತಪ್ಪೆಂದು ಎಣಿಸಿ ಅಂಕ ಕಳೆಯುತ್ತಾರೆ. ಗಾಡಿಯಲ್ಲಿ ಕುಳಿತವನಿಗೆ ಕಾಲಿನ ಆಸರೆಯಿಲ್ಲ, ಅಲ್ಲಿ ಮಾತು ಸಹಜವಾಗಿಯೇ ಬೇಕಾಗುತ್ತದೆ.

ಸಂದೇಹಿ

ಹಾಗಾದರೆ 'ನನ್ನ ನಾಯಿ ನನ್ನೊಬ್ಬನ ಮಾತನ್ನೇ ಕೇಳುತ್ತದೆ' ಎನ್ನುವವರ ವಿಷಯವೇನು? ಪದವೂ ಅದೇ, ಧಾಟಿಯೂ ಅದೇ ಇರುವಾಗ ಬೇರೆಯವರು ಹೇಳಿದರೆ ಏಕೆ ಕೇಳುವುದಿಲ್ಲ? ಇದಕ್ಕೆ ನಿಷ್ಠೆಯೆಂಬ ಹೆಸರು ಕೊಡುವುದನ್ನು ನಾನು ಒಪ್ಪಲಾರೆ.

ನಾದಮೂಲ

ನಾನೂ ಒಪ್ಪುವುದಿಲ್ಲ. ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡಿ ಗೊರಸಿನಿಂದ ತಟ್ಟಿ ಉತ್ತರ ಹೇಳುತ್ತದೆಂದು ದೊಡ್ಡ ಸುದ್ದಿಯಾಗಿತ್ತು. ಆಸ್ಕರ್ ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞರು ಅದನ್ನು ಪರೀಕ್ಷಿಸಿ 1907ರಲ್ಲಿ ವರದಿ ಕೊಟ್ಟರು. ಪ್ರಶ್ನೆ ಕೇಳಿದವರಿಗೇ ಉತ್ತರ ತಿಳಿಯದಿದ್ದಾಗ ಅಥವಾ ಅವರು ಕುದುರೆಗೆ ಕಾಣದಿದ್ದಾಗ ಹಾನ್ಸ್ ಸೋಲುತ್ತಿತ್ತು. ಸರಿಯಾದ ಸಂಖ್ಯೆ ಬಂದೊಡನೆ ಪ್ರಶ್ನೆ ಕೇಳಿದವರ ತಲೆ ಅವರ ಅರಿವಿಲ್ಲದೆ ಅಲುಗುವುದನ್ನು ಅದು ನೋಡುತ್ತಿತ್ತು. ಒಡೆಯನಿಗೆ ಮೋಸ ಮಾಡುವ ಉದ್ದೇಶವಿರಲಿಲ್ಲ.

ಪ್ರತಿದಿನದ ಆಜ್ಞೆಗಳಲ್ಲಿಯೂ ಇದೇ ನಡೆಯುತ್ತದೆ. ನಾವು 'ಕೂರು' ಎನ್ನುವಾಗ ಸ್ವಲ್ಪ ಬಾಗುತ್ತೇವೆ, ಕೈ ಎತ್ತುತ್ತೇವೆ, ಕಣ್ಣಿಟ್ಟು ನೋಡುತ್ತೇವೆ. ನಾಯಿ ಕಲಿಯುವುದು ಈ ಇಡೀ ಚಿತ್ರವನ್ನು. ಬ್ರಿಟನ್ನಿನಲ್ಲಿ 2005ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ, ಕಲಿತ ಆಜ್ಞೆಯ ಪದದಲ್ಲಿ ಒಂದು ಅಕ್ಷರದ ಸದ್ದನ್ನು ಬದಲಿಸಿದರೂ ನಾಯಿಗಳ ಪಾಲನೆ ಕುಗ್ಗಿತು. ಹೇಳುವವರ ನಿಲುವನ್ನು, ದೂರವನ್ನು ಬದಲಿಸಿದಾಗಲೂ ಕುಗ್ಗಿತು. ಇಟಲಿಯಲ್ಲಿ ನೀರಿನಲ್ಲಿ ಮುಳುಗುವವರನ್ನು ರಕ್ಷಿಸಲು ತರಬೇತಾದ ನಾಯಿಗಳಿಗೆ ಬಾಯಲ್ಲಿ ಒಂದು ಆಜ್ಞೆ, ಕೈಯಲ್ಲಿ ಇನ್ನೊಂದು ಆಜ್ಞೆ ಕೊಟ್ಟು ನೋಡಿದಾಗ ಅವು ಹೆಚ್ಚಾಗಿ ಕೈಯನ್ನೇ ಅನುಸರಿಸಿದವು. ಆದ್ದರಿಂದ ಬೇರೊಬ್ಬರು ಅದೇ ಪದ ಹೇಳಿದರೂ ಅವರ ಮೈ ಬೇರೆ ಮಾತು ಹೇಳುತ್ತಿರುತ್ತದೆ. ಪ್ರಾಣಿಗೆ ಬೆನ್ನು ತಿರುಗಿಸಿ ನಿಂತು, ಕೈ ಕಟ್ಟಿಕೊಂಡು ಆಜ್ಞೆ ಹೇಳಿ ನೋಡಿರಿ. ಅದಕ್ಕೆ ಎಷ್ಟು ಪದಗಳು ನಿಜವಾಗಿ ಗೊತ್ತಿವೆ ಎಂಬುದು ಆಗ ತಿಳಿಯುತ್ತದೆ, ಮತ್ತು ಆ ಸಂಖ್ಯೆ ಹೆಚ್ಚಿನವರಿಗೆ ಸಂತೋಷ ತರುವುದಿಲ್ಲ.

ಅಂಕುಶ

ಆನೆಗಳ ವಿಷಯವನ್ನು ಯಾರೂ ಎತ್ತಿಲ್ಲ. ಮಾವುತನು ಕತ್ತಿನ ಮೇಲೆ ಕುಳಿತು ಕಿವಿಗಳ ಹಿಂದೆ ಕಾಲ್ಬೆರಳುಗಳನ್ನು ಒತ್ತುತ್ತಾನೆ. ಆನೆಗೆ ಅವನ ಮುಖವಾಗಲಿ ಕೈಯಾಗಲಿ ಕಾಣುವುದಿಲ್ಲ. ಹೀಗಾಗಿ ನಾದಮೂಲ ಅವರು ಹೇಳಿದ ಕಣ್ಣಿನ ಸುಳಿವುಗಳಿಗೆ ಇಲ್ಲಿ ಜಾಗವಿಲ್ಲ. ಕೆಲಸ ನಡೆಯುವುದು ಮಾತು ಮತ್ತು ಸ್ಪರ್ಶದಿಂದ. ಮಲಯಾಳಂ ಆಡುವ ಮಾವುತರು 'ಇಡತ್ತಾನೇ', 'ವಲತ್ತಾನೇ', 'ಇರಿಯಾನೇ' ಎನ್ನುತ್ತಾರೆ. ಎಡ, ಬಲ, ಕೂರು ಎಂಬ ಮೂರಕ್ಕೂ 'ಆನೇ' ಎಂಬ ಸಂಬೋಧನೆ ಬೆಸೆದುಕೊಂಡಿದೆ. ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಥಾಯ್ ಮಾವುತರಲ್ಲಿ ಹೊರಡಲು 'ಪೈ', ನಿಲ್ಲಲು 'ಹೌ'. ಹಿಂದಿ ಬಲ್ಲ ಆನೆಗೆ ಕೂರಲು 'ಬೈಠ್'. ಆನೆಯನ್ನು ಬೇರೆ ಭಾಷೆಯ ಪ್ರದೇಶಕ್ಕೆ ಒಯ್ದಾಗ, ಹೊಸ ಮಾವುತನು ಹಳಬನ ಜೊತೆಗಿದ್ದು ಆನೆಯ ಭಾಷೆಯನ್ನು ಕಲಿತುಕೊಳ್ಳುವುದೇ ವಾಡಿಕೆ. ಆನೆಗೆ ಹೊಸ ಭಾಷೆ ಕಲಿಸುವುದಕ್ಕಿಂತ ಅದು ಸುಲಭ.

ದಕ್ಷಿಣ ಕೊರಿಯಾದ ಒಂದು ಮೃಗಾಲಯದ ಕೊಶಿಕ್ ಎಂಬ ಏಷ್ಯಾದ ಆನೆ, ಸೊಂಡಿಲನ್ನು ಬಾಯೊಳಗೆ ತೂರಿಸಿ ಕೊರಿಯನ್ ಪದಗಳನ್ನು ಅನುಕರಿಸುತ್ತದೆಂದು 2012ರಲ್ಲಿ ವಿಜ್ಞಾನಿಗಳು ದಾಖಲಿಸಿದರು. ಐದು ಪದಗಳು: ನಮಸ್ಕಾರ, ಕೂರು, ಇಲ್ಲ, ಮಲಗು, ಒಳ್ಳೆಯದು ಎಂಬ ಅರ್ಥದವು. ಎಂದರೆ ತನಗೆ ದಿನವೂ ಹೇಳುತ್ತಿದ್ದ ಆಜ್ಞೆಗಳನ್ನೂ ಶಹಭಾಸ್‌ಗಿರಿಯನ್ನೂ ಅದು ಮರಳಿ ನುಡಿಯುತ್ತಿತ್ತು. ಸ್ವರಗಳು ಚೆನ್ನಾಗಿ ಹೋಲುತ್ತಿದ್ದವು, ವ್ಯಂಜನಗಳು ಅಷ್ಟಾಗಿ ಹೋಲುತ್ತಿರಲಿಲ್ಲ. ತಾನು 'ಕೂರು' ಎಂದಾಗ ಜನರು ಕೂರಬೇಕೆಂದು ಅದು ಬಯಸಿದ ಸುಳಿವು ಮಾತ್ರ ಸಿಗಲಿಲ್ಲ. ತಾನು ಆ ಮಾತಿಗೆ ಕೂರಲು ಬಲ್ಲದು, ಆ ಮಾತನ್ನು ಆಡಲೂ ಬಲ್ಲದು. ಎರಡನ್ನೂ ಸೇರಿಸಿದ್ದಕ್ಕೆ ಸಾಕ್ಷ್ಯವಿಲ್ಲ. ಆಜ್ಞೆ ಪ್ರಾಣಿಗೆ ಏನು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಎಳೆಹೋರಿ

ಎಲ್ಲರಿಗೂ ಧನ್ಯವಾದಗಳು. ನಮ್ಮ ಪದಗಳನ್ನು ಒಂದು ಹಾಳೆಯಲ್ಲಿ ಬರೆದು ನೋಡಿದಾಗ ಹೊಸ ತೊಡಕುಗಳು ಕಂಡವು. 'ನಡಿ' ಮತ್ತು 'ನಿಲ್ಲು' ಎರಡೂ 'ನ'ಕಾರದಿಂದ ಆರಂಭವಾಗುತ್ತವೆ, ಮತ್ತು ಅರ್ಥದಲ್ಲಿ ಅವು ಒಂದಕ್ಕೊಂದು ತೀರಾ ವಿರುದ್ಧ. ನಾಯಿಗೆ ಹೇಳುವ 'ಬಾ', 'ಬಿಡು', 'ಬೇಡ' ಮೂರೂ 'ಬ'ಕಾರದವು. ಇನ್ನೂ ದೊಡ್ಡ ಚಿಂತೆ ನಿಷೇಧದ್ದು. ಕನ್ನಡದಲ್ಲಿ 'ಓಡಬೇಡ', 'ತಿನ್ನಬೇಡ', 'ಹತ್ತಬೇಡ' ಎನ್ನುವಾಗ ಬೇಡವೆಂಬುದು ಕೊನೆಗೆ ಬರುತ್ತದೆ. 'ಓಡು' ಎಂಬುದನ್ನು ಕಲಿತ ನಾಯಿ 'ಓಡ' ಎಂಬುದು ಕಿವಿಗೆ ಬಿದ್ದೊಡನೆ ಹೊರಟಿರುತ್ತದೆ, 'ಬೇಡ' ಅದರ ಬೆನ್ನಿಗೆ ಬೀಳುತ್ತದೆ. ಇದಕ್ಕೆ ಏನು ಮಾಡಬೇಕು? ಜೊತೆಗೆ, ಪೊಲೀಸ್ ನಾಯಿಗಳಿಗೆ ಜರ್ಮನ್ ಪದ ಬಳಸುವುದು ಅಪರಾಧಿಗಳಿಗೆ ತಿಳಿಯದಿರಲೆಂದು ಎಂದು ಕೇಳಿದ್ದೇನೆ. ನಾವೂ ಬೇರೆ ಭಾಷೆಯ ಪದಗಳನ್ನು ಆರಿಸಿಕೊಳ್ಳುವುದು ಒಳ್ಳೆಯದೇ?

ಕುರಿಹಿಂಡು

ನಿಷೇಧದ ರೂಪಗಳನ್ನು ಆಜ್ಞೆಗಳ ಪಟ್ಟಿಯಿಂದ ತೆಗೆದುಹಾಕಿರಿ. 'ಓಡಬೇಡ' ಎಂದು ಹೇಳಬೇಕೆನಿಸಿದಾಗ ಪ್ರಾಣಿ ಆ ಹೊತ್ತಿಗೆ ಏನು ಮಾಡಬೇಕೆಂಬುದನ್ನು ಹೇಳಬೇಕು: ಮಲಗು, ಅಥವಾ ಬಾ. ಮಾಡದಿರುವುದನ್ನು ಮಾಡುವುದು ಪ್ರಾಣಿಗೆ ಒಂದು ಕೆಲಸವಲ್ಲ. ಮಲಗುವುದು ಒಂದು ಕೆಲಸ, ಮತ್ತು ಮಲಗಿದ ನಾಯಿ ಓಡಲಾರದು. ಎಲ್ಲಕ್ಕೂ ಅನ್ವಯಿಸುವ ಒಂದೇ ಒಂದು ತಡೆಯುವ ಸದ್ದು ಇರಲಿ, ಆದರೆ ಅದು ಬೇರಾವ ಆಜ್ಞೆಯ ತುಣುಕೂ ಆಗಿರಬಾರದು.

ಪೊಲೀಸ್ ನಾಯಿಗಳ ಕಥೆ ಕೇಳಲು ಸೊಗಸು, ಆದರೆ ಮುಖ್ಯ ಕಾರಣ ಅಷ್ಟು ರೋಚಕವಲ್ಲ. ಅಂತಹ ನಾಯಿಗಳಲ್ಲಿ ಬಹಳಷ್ಟು ಯುರೋಪಿನಲ್ಲಿ ಹುಟ್ಟಿ, ಅಲ್ಲಿನ ಪದಗಳಲ್ಲೇ ಮೊದಲ ಪಾಠ ಮುಗಿಸಿ ಬೇರೆ ದೇಶಗಳಿಗೆ ಬರುತ್ತವೆ. 'ಜಿಟ್ಸ್' ಎಂದರೆ ಕೂರಲು, 'ಪ್ಲಾಟ್ಸ್' ಎಂದರೆ ಮಲಗಲು, 'ಔಸ್' ಎಂದರೆ ಕಚ್ಚಿದ್ದನ್ನು ಬಿಡಲು ಕಲಿತು ಬಂದ ನಾಯಿಗೆ ಮತ್ತೆ ಕಲಿಸುವ ಬದಲು ಅದನ್ನು ನಡೆಸುವವರೇ ಆ ಪದಗಳನ್ನು ಕಲಿಯುತ್ತಾರೆ, ಅಂಕುಶ ಅವರು ಹೇಳಿದ ಮಾವುತನಂತೆ. ಅಪರಿಚಿತ ಪದಗಳಿಂದ ಒಂದು ಲಾಭವಿದೆ: ಮನೆಮಾತಿನಲ್ಲಿ ಅವು ಆಕಸ್ಮಿಕವಾಗಿ ನುಸುಳುವುದಿಲ್ಲ. ಆದರೆ ಗಾಬರಿಯಾದಾಗ ನಾಲಿಗೆಗೆ ಬರುವುದು ಮನೆಮಾತೇ. ಹೋರಿಗಳು ದಿಕ್ಕೆಟ್ಟು ಓಡುವಾಗ ನಿಮ್ಮ ಮೂವರಲ್ಲಿ ಒಬ್ಬರಿಗಾದರೂ ಜರ್ಮನ್ ನೆನಪಾದೀತೆಂದು ನನಗೆ ನಂಬಿಕೆಯಿಲ್ಲ.

ಇನ್ನೊಂದು ಮಾತು. ಆಜ್ಞೆಯನ್ನು ಮೀರುವುದೂ ಕೆಲವೊಮ್ಮೆ ಕಲಿಸಬೇಕಾದ ಗುಣ. ಅಮೆರಿಕದಲ್ಲಿ 1929ರಲ್ಲಿ ಆರಂಭವಾದ 'ದಿ ಸೀಯಿಂಗ್ ಐ' ಸಂಸ್ಥೆಯ ಕಾಲದಿಂದಲೂ, ದೃಷ್ಟಿಹೀನರಿಗೆ ದಾರಿ ತೋರಿಸುವ ನಾಯಿಗಳು ಎದುರಿಗೆ ವಾಹನ ಬರುತ್ತಿದ್ದರೆ ಒಡೆಯ 'ಮುಂದೆ' ಎಂದರೂ ಹೆಜ್ಜೆ ಇಡಬಾರದೆಂದೇ ಕಲಿಯುತ್ತವೆ. ಮಂದೆಯ ಆಚೆ ಬದಿಯಲ್ಲಿ ಒಂದು ಕುರಿ ತಪ್ಪಿಸಿಕೊಳ್ಳುತ್ತಿರುವುದು ನಿಮಗೆ ಕಾಣದೆ ನಾಯಿಗೆ ಕಂಡಾಗ, ಅದು ನಿಮ್ಮ ಮಾತು ಮೀರಿ ಅತ್ತ ಹೋದರೆ ಬೈಯುವ ಮೊದಲು ಅತ್ತ ನೋಡಿರಿ.

ಮಿಣಿಹಗ್ಗ

ಬೈಯುವುದರ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಹಸುಗಳಿಗೆ ಸುಮಾರು 35,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸುತ್ತದೆ, ನಮಗೆ 20,000 ದಾಟಿದರೆ ಕೇಳಿಸದು. ಇಷ್ಟು ಚುರುಕಾದ ಕಿವಿಯ ಪಕ್ಕದಲ್ಲಿ ಅರಚುವ ಅಗತ್ಯವೇ ಇಲ್ಲ. ಹಾಲಿನ ಹಸುಗಳಿಗೆ ಕವಲುದಾರಿಯಲ್ಲಿ ಆಯ್ಕೆ ಕೊಟ್ಟು ನೋಡಿದ 2003ರ ಒಂದು ಅಧ್ಯಯನದಲ್ಲಿ, ಕೂಗಾಟದ ಹಾದಿಗೂ ವಿದ್ಯುತ್ ಆಘಾತ ಕೊಡುವ ಕೋಲಿನ ಹಾದಿಗೂ ಅವು ವ್ಯತ್ಯಾಸ ಮಾಡಲಿಲ್ಲ. ಎಂದರೆ ಕೂಗಾಟವನ್ನೂ ಅಷ್ಟೇ ಬೇಡವೆಂದುಕೊಂಡವು. ದಿನವೂ ಮೆಲ್ಲನೆ ಹೇಳಿದ ಆಜ್ಞೆಯನ್ನು ಅಪಾಯದ ಹೊತ್ತಿನಲ್ಲಿ ಗಟ್ಟಿಯಾಗಿ ಹೇಳಲು ಅವಕಾಶ ಉಳಿದಿರುತ್ತದೆ. ದಿನವೂ ಗಟ್ಟಿಯಾಗಿ ಹೇಳಿದವರಿಗೆ ಆ ಅವಕಾಶವಿಲ್ಲ.

ಎಳೆಹೋರಿ

ಕೊನೆಯದಾಗಿ ಒಂದು ಪ್ರಶ್ನೆ. ಹೋರಿಗಳು ಆಗಲೇ 'ನಿಲ್ಲು' ಎಂಬುದಕ್ಕೆ ಒಂದಿಷ್ಟು ಒಗ್ಗಿವೆ. ಈಗ 'ಹೋ' ಒಂದನ್ನೇ ಇಟ್ಟುಕೊಳ್ಳುವುದೆಂದು ಮೂವರೂ ಒಪ್ಪಿದ್ದೇವೆ. ಹಳೆಯದನ್ನು ಮರೆಸಿ ಮೊದಲಿನಿಂದ ಕಲಿಸಬೇಕೇ?

ಲಗಾಮು

ಬೇಕಾಗಿಲ್ಲ, ಹಳೆಯ ಪದವನ್ನೇ ಮೆಟ್ಟಿಲು ಮಾಡಿಕೊಳ್ಳಬಹುದು. ಮೊದಲು 'ಹೋ' ಎಂದು ಎಳೆಯಿರಿ, ಅರೆಕ್ಷಣ ಬಿಟ್ಟು 'ನಿಲ್ಲು' ಎನ್ನಿರಿ, ಅದಕ್ಕೂ ನಿಲ್ಲದಿದ್ದರೆ ಮಾತ್ರ ಹಗ್ಗ. ಕ್ರಮವನ್ನು ತಿರುಗಿಸಬೇಡಿ: ಹಳೆಯ ಪದ ಮೊದಲು ಬಂದರೆ ಹೋರಿಗಳು ಅದಕ್ಕೇ ನಿಂತುಬಿಡುತ್ತವೆ, ಹೊಸದನ್ನು ಕೇಳುವ ಅಗತ್ಯವೇ ಅವಕ್ಕೆ ಬರುವುದಿಲ್ಲ. ಅವು 'ನಿಲ್ಲು' ಬರುವ ಮೊದಲೇ ಹೆಜ್ಜೆ ತಡೆಯತೊಡಗಿದಾಗ ಎರಡನೆಯ ಪದವನ್ನು ಬಿಟ್ಟುಬಿಡಿ. ಒಂದು ಹೋರಿ ಇನ್ನೊಂದಕ್ಕಿಂತ ಮೊದಲು ಕಲಿತು ನಿಂತರೆ, ನೊಗ ಓರೆಯಾಗಿ ಎರಡನೆಯದು ಪದಕ್ಕಲ್ಲದೆ ನೊಗದ ಎಳೆತಕ್ಕೆ ನಿಲ್ಲುವ ಸಾಧ್ಯತೆಯಿದೆ. ಅದನ್ನು ತಿಳಿಯಲು ನೊಗ ಕಳಚಿ ಒಂದೊಂದನ್ನೇ ನಡೆಸಿ ನೋಡಿರಿ. ಹಗ್ಗ ಜಗ್ಗುವ ಮೂರನೆಯವರಿಗೆ ಈ ಕೆಲವು ವಾರಗಳ ಮಟ್ಟಿಗೆ ಹೋರಿಗಳನ್ನು ಕೊಡದಿರುವುದು ಉತ್ತಮ. ಅವರು ಅಷ್ಟು ದಿನ ನಾಯಿಮರಿಯನ್ನು ನೋಡಿಕೊಳ್ಳಲಿ, ಅದರ ಕೊರಳಿಗೆ ಇನ್ನೂ ಹಗ್ಗ ಬಿದ್ದಿರಲಿಕ್ಕಿಲ್ಲ.